ರೇಷ್ಮೆಯ ಊರಿನಲ್ಲಿ ಸೂರಿನ ಪ್ರಶ್ನೆ

ಟಿಪ್ಪು ಸುಲ್ತಾನರ ಕಾಲದ ಶಂಷೇರಾಬಾದ್, ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಿನಿಂದ ಕ್ಲೋಸ್‌ಪೇಟೆಯಾಗಿ, ಸ್ವಾತಂತ್ರ್ಯಾನಂತರ ರಾಮನಗರವಾಯಿತು. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣವೆಂದಾಯಿತು. ಹೆಸರಿನ ಜೊತೆ ಜನವಸತಿಯೂ ಬದಲಾಗಿದೆ.

2001ರಲ್ಲಿ ಸುಮಾರು 79 ಸಾವಿರವಿದ್ದ ಪಟ್ಟಣದ ಜನಸಂಖ್ಯೆ 2011ಕ್ಕೆ 95 ಸಾವಿರವಾಯಿತು. 2007ರಲ್ಲಿ ಜಿಲ್ಲಾ ಕೇಂದ್ರವಾದ ಮೇಲೆ ನೌಕರರೂ ಬೆಂಗಳೂರಿಗೆ ಹೋಗಿಬರುವವರೂ ಇಲ್ಲಿ ಮನೆ ಹುಡುಕಿದರು. ನಿವೇಶನದ ಬೆಲೆ ಏರಿತು.

ಇದರ ಬಿಸಿ ಹೆಚ್ಚಾಗಿ ತಟ್ಟಿದ್ದು ರೇಷ್ಮೆ ನೂಲು ಬಿಚ್ಚುವ ಬಡ ಕುಟುಂಬಗಳಿಗೆ. ನಮ್ಮವರು ಬಹಳ ಮಂದಿ ಈ ಕಸುಬಿನಲ್ಲಿದ್ದಾರೆ. ಗೂಡು ಬೇಯಿಸುವ ಒಲೆ, ಚರಕ, ನೀರಿನ ತೊಟ್ಟಿ ಮನೆಗೆ ಹೊಂದಿಕೊಂಡೇ ಇರಬೇಕು; ಗೂಡಿನ ಮಾರುಕಟ್ಟೆಯೂ ಹತ್ತಿರವಿರಬೇಕು. 1991-92ರ ಆಶ್ರಯ ಯೋಜನೆಯಿಂದ ರಾಜ್ಯದ ಎಷ್ಟೋ ವಸತಿಹೀನರಿಗೆ ಸೂರು ದೊರೆಯಿತು, ನಿಜ. ಆದರೆ ಊರಾಚೆಯ ಚಿಕ್ಕ ಮನೆಯಲ್ಲಿ ಚರಕಕ್ಕೆ ಜಾಗವೆಲ್ಲಿ? ಶಾಲೆ ದೂರವಾದರೆ ಮೊದಲು ನಿಲ್ಲುವುದು ಹೆಣ್ಣುಮಕ್ಕಳ ಓದು.

ವಿದ್ಯಾರ್ಥಿಗಳೇ, ಉರ್ದು ಮಾತ್ರ ಓದಬಲ್ಲ ನಿಮ್ಮ ದಾದಾ-ದಾದಿಯರಿಗೆ ಕನ್ನಡದ ಹಕ್ಕುಪತ್ರವನ್ನೂ ಕಂದಾಯದ ರಸೀದಿಯನ್ನೂ ಓದಿ ಹೇಳಿರಿ, ಜೋಪಾನವಾಗಿಡಿರಿ. ಮನೆ ಉಳಿಯುವುದೂ ನಮ್ಮ ಬೀದಿಯ ಇತಿಹಾಸ ಉಳಿಯುವುದೂ ಆ ಕಾಗದಗಳಿಂದಲೇ.