ದೋಣಿ ಹೋಗದ ನಾಲೆ

ಮಂಡ್ಯ ಸೀಮೆಯಲ್ಲಿ ಯಾರದಾದರೂ ಮನೆ ಹುಡುಕಿ ಹೊರಟರೆ ಮೊದಲು ಕೇಳಬೇಕಾದ್ದು ನಾಲೆಯನ್ನು. ‘ನಾಲೆ ದಾಟಿ ಎಡಕ್ಕೆ ತಿರುಗಿ’, ‘ನಾಲೆ ಏರಿ ಮೇಲೇ ಹೋಗಿ, ತೂಬಿನ ಹತ್ತಿರ ಇಳಿಯಿರಿ’ ಎಂದೇ ನಮ್ಮ ಜನ ದಾರಿ ಹೇಳುತ್ತಾರೆ. ಹೆಣ್ಣು ಕೊಡುವಾಗ ನಾಲೆ ನೀರಿನ ಊರೋ ಮಳೆ ನೀರಿನ ಊರೋ ಎಂದು ವಿಚಾರಿಸುವ ಹಿರಿಯರು ಈಗಲೂ ಇದ್ದಾರೆ. ಇಷ್ಟು ಹತ್ತಿರದ ನಾಲೆಯ ಮೇಲೆ ಒಂದು ದೋಣಿ ಹೋದದ್ದನ್ನು ನಾನು ಕಂಡವಳಲ್ಲ. ನನ್ನ ತಾಯಿ, ಅಜ್ಜಿ ಕಂಡದ್ದಾಗಿಯೂ ಹೇಳಲಿಲ್ಲ. ಯಾಕೆ ಎಂಬ ಪ್ರಶ್ನೆಯನ್ನು ತಲೆಗೆ ಹಾಕಿದವರು ಮದ್ದೂರಿನ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು. ನಾನು ಅವರನ್ನು ಅಕ್ಕ ಎಂದೇ ಕರೆಯುವುದು.

ಅಕ್ಕ ನಿವೃತ್ತರಾಗಿ ಕೆಲವು ವರ್ಷಗಳಾದವು. ಯಜಮಾನರು ತೀರಿಕೊಂಡ ಮೇಲೆ ಮದ್ದೂರಿನ ದೊಡ್ಡ ಮನೆಯಲ್ಲಿ ಒಬ್ಬರೇ. ಮಗಳು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಡೆ ಇದ್ದಾಳೆ. ಎರಡು ಸಲ ಹೋಗಿ ಬಂದ ಅಕ್ಕ, ಎರಡನೆಯ ಸಲ ಅಲ್ಲಿನ ಒಂದು ನಾಲೆಯ ದಡದಲ್ಲಿ ಮುದುಕ ಮುದುಕಿಯರಿಬ್ಬರ ಪರಿಚಯ ಮಾಡಿಕೊಂಡರು. ಅವರು ಮನೆ ಮಾರಿ, ಉದ್ದನೆಯ ದೋಣಿಯೊಂದನ್ನು ಕೊಂಡು, ಅದರಲ್ಲೇ ಅಡಿಗೆ, ಅದರಲ್ಲೇ ನಿದ್ದೆ ಎಂದು ಊರಿಂದೂರಿಗೆ ತೇಲಿಕೊಂಡಿದ್ದಾರೆ. ದೋಣಿಯ ಮಾಡಿನ ಮೇಲೆ ಕುಂಡಗಳಲ್ಲಿ ಕೊತ್ತಂಬರಿ ಬೆಳೆದಿದ್ದರಂತೆ. ಅಕ್ಕನ ಮನಸ್ಸು ಹೋಗಿದ್ದು ಆ ಕೊತ್ತಂಬರಿಗೇ ಎಂದು ನನ್ನ ಅನುಮಾನ. ಬಂದವರೇ ಹೇಳಿದರು: ‘ಈ ಮನೆ ಮಾರಿಬಿಡ್ತೀನಿ ಕಣಮ್ಮ. ನಾಲೆ ಪಕ್ಕದಲ್ಲೇ ಹುಟ್ಟಿದೋರು ನಾವು, ನಮಗೇನು ಹೊಸದಾ?’

ನನಗೂ ನಿವೃತ್ತಿಗೆ ಹೆಚ್ಚು ವರ್ಷಗಳಿಲ್ಲ. ಆದ್ದರಿಂದ ಆ ಮಾತನ್ನು ನಗೆಯಾಡಿ ಬಿಡಲಾಗಲಿಲ್ಲ. ಚರಿತ್ರೆ ಪಾಠ ಮಾಡುವವಳ ಅಭ್ಯಾಸದಂತೆ ಎರಡು ನಾಲೆಗಳ ಜಾತಕವನ್ನೂ ಪಕ್ಕಪಕ್ಕ ಇಟ್ಟು ನೋಡಿದೆ.

ಇಂಗ್ಲೆಂಡಿನ ನಾಲೆಗಳನ್ನು ತೋಡಿದ್ದು ಬೆಳೆಗಲ್ಲ, ಸಾಮಾನು ಸಾಗಿಸುವುದಕ್ಕೆ. ಡ್ಯೂಕ್ ಆಫ್ ಬ್ರಿಜ್‌ವಾಟರ್ ಎಂಬ ಶ್ರೀಮಂತ ತನ್ನ ಗಣಿಯ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿಗೆ ಒಯ್ಯಲು ಮಾಡಿಸಿದ ನಾಲೆ 1761ರಲ್ಲಿ ತೆರೆಯಿತು. ಪೇಟೆಯಲ್ಲಿ ಇದ್ದಲಿನ ಬೆಲೆ ಅರ್ಧಕ್ಕೆ ಇಳಿಯಿತು. ಅದರ ಕೆಲಸ ನೋಡಿದ ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರ್ ಮುಂದೆ ಮಧ್ಯ ಇಂಗ್ಲೆಂಡಿನ ನಾಲೆಗಳಿಗೆ ಏಳು ಅಡಿ ಅಗಲದ ಲಾಕುಗಳನ್ನು ಇಡಿಸಿದ. ಲಾಕು ಎಂದರೆ ಎರಡು ಕಡೆಯೂ ಕದವಿರುವ ನೀರಿನ ತೊಟ್ಟಿ. ದೋಣಿಯನ್ನು ಒಳಗೆ ಬಿಟ್ಟು, ಕದ ಮುಚ್ಚಿ, ನೀರು ತುಂಬಿಸಿದರೆ ದೋಣಿ ಮೇಲೇರುತ್ತದೆ. ನೀರು ಬಿಟ್ಟರೆ ಇಳಿಯುತ್ತದೆ. ಆ ತೊಟ್ಟಿಗೆ ಹಿಡಿಸಬೇಕಾದ್ದರಿಂದ ದೋಣಿಯೂ ಏಳಡಿಗೆ ತುಸು ಕಡಿಮೆ ಅಗಲ, ಸುಮಾರು ಎಪ್ಪತ್ತು ಅಡಿ ಉದ್ದ. ನ್ಯಾರೋಬೋಟ್ ಎಂಬ ಹೆಸರು ಹಾಗೆ ಬಂತು. ದಡದ ಮೇಲೆ ಕುದುರೆ ನಡೆದು ಹಗ್ಗದಿಂದ ಎಳೆಯುತ್ತಿತ್ತು.

ರೈಲು ಬಂದ ಮೇಲೆ ಬಾಡಿಗೆ ಇಳಿಯಿತು. ದೋಣಿಯವನು ದಡದ ಮೇಲೆ ಮನೆ, ದೋಣಿಯಲ್ಲಿ ಕೂಲಿಯಾಳು ಎರಡನ್ನೂ ಸಾಕಲಾರದೆ ಹೆಂಡತಿ ಮಕ್ಕಳನ್ನೇ ದೋಣಿಗೆ ಹತ್ತಿಸಿಕೊಂಡ. ಮುಂದೆಲ್ಲ ಇದ್ದಲು, ಹಿಂದುಗಡೆ ಹತ್ತಡಿಯೊಳಗಿನ ಒಂದು ಗೂಡು. ಅದರಲ್ಲಿ ಇಡೀ ಸಂಸಾರ. ಇಂದಿನ ಮುದುಕರು ಆಸೆಪಟ್ಟು ಹೋಗುವ ಬಾಳು ಅಂದು ಬಡತನ ತಳ್ಳಿದ ಬಾಳು. ಜಾರ್ಜ್ ಸ್ಮಿತ್ ಎಂಬಾತ ಈ ಸಂಸಾರಗಳ ಪರವಾಗಿ ಬರೆದು, ಓಡಾಡಿದ ಮೇಲೆ 1877ರಲ್ಲಿ ಒಂದು ಕಾನೂನಾಯಿತು: ದೋಣಿಗಳನ್ನು ನೋಂದಾಯಿಸಬೇಕು, ಇಂತಿಷ್ಟೇ ಜನ ಮಲಗಬೇಕು, ಮಕ್ಕಳು ಶಾಲೆಗೆ ಹೋಗಬೇಕು. 1884ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಆದರೆ ಇಂದು ಇಲ್ಲಿ, ನಾಳೆ ಇನ್ನೆಲ್ಲೋ ಇರುವ ಮಗುವಿನ ಹಾಜರಿ ಯಾರು ಹಾಕುವುದು? ಕಡೆಗೆ 1930ರಲ್ಲಿ ಲಂಡನ್ನಿನ ಪಶ್ಚಿಮದ ವೆಸ್ಟ್ ಡ್ರೇಟನ್‌ನಲ್ಲಿ ಒಂದು ದೋಣಿಯನ್ನೇ ಶಾಲೆ ಮಾಡಿ ನಿಲ್ಲಿಸಿದರು.

ಇದನ್ನು ಓದುವಾಗ ನನಗೆ ನಮ್ಮ ಕಬ್ಬಿನ ಕಾಲದ ಮಕ್ಕಳು ನೆನಪಾದರು. ಆಲೆಮನೆಗೆ, ಕಬ್ಬು ಕಡಿಯುವುದಕ್ಕೆ ಬೇರೆ ಜಿಲ್ಲೆಗಳಿಂದ ಬರುವ ಕುಟುಂಬಗಳ ಮಕ್ಕಳು. ನಾಲ್ಕು ತಿಂಗಳು ತರಗತಿಯ ಹಿಂದಿನ ಸಾಲಿನಲ್ಲಿ ಕೂತು, ಒಂದು ಸೋಮವಾರ ಬೆಳಿಗ್ಗೆ ಹೇಳದೆ ಕೇಳದೆ ಮಾಯವಾಗುತ್ತಾರೆ. ಅವರು ಬಿಟ್ಟುಹೋದ ಸ್ಲೇಟು, ಪುಸ್ತಕಗಳನ್ನು ಬೀರುವಿನಲ್ಲಿ ಎತ್ತಿಟ್ಟಿದ್ದೇನೆ. ಕೆಲವು ಮಕ್ಕಳು ಮುಂದಿನ ವರ್ಷ ಬರುತ್ತಾರೆ, ಹಲವರು ಬರುವುದಿಲ್ಲ. ವಿಳಾಸವಿಲ್ಲದೆ ಬದುಕುವುದರಲ್ಲಿ ಒಂದು ಸೊಗಸಿದೆ ಎಂದು ಅಕ್ಕ ಹೇಳಿದಾಗ ನಾನು ಉತ್ತರ ಕೊಡದೆ ಕೂತದ್ದು ಈ ಕಾರಣಕ್ಕೆ.

ಆ ನಾಲೆಗಳು 1948ರಲ್ಲಿ ಸರ್ಕಾರದ ಕೈಗೆ ಬಂದವು. 1962–63ರ ಚಳಿಗಾಲದಲ್ಲಿ ನೀರು ವಾರಗಟ್ಟಲೆ ಹೆಪ್ಪುಗಟ್ಟಿ ನಿಂತು, ಉಳಿದಿದ್ದ ಸಾಗಣೆಯೂ ಬಹುಮಟ್ಟಿಗೆ ಮುಗಿಯಿತು. ಅಷ್ಟರಲ್ಲಿ ಅವನ್ನು ಬೇರೆ ಕಣ್ಣಿನಿಂದ ನೋಡಿದವರು ಹುಟ್ಟಿಕೊಂಡಿದ್ದರು. ಎಲ್. ಟಿ. ಸಿ. ರೋಲ್ಟ್ ಎಂಬ ಲೇಖಕ ಹೆಂಡತಿಯೊಡನೆ ದೋಣಿಯಲ್ಲಿ ಸಂಚರಿಸಿ 1944ರಲ್ಲಿ ‘ನ್ಯಾರೋ ಬೋಟ್’ ಎಂಬ ಪುಸ್ತಕ ಪ್ರಕಟಿಸಿದ. ಎರಡು ವರ್ಷಕ್ಕೆ ನಾಲೆಗಳನ್ನು ಉಳಿಸುವ ಸಂಘವೊಂದು ಎದ್ದಿತು. ಹೂಳು ತುಂಬಿದ್ದ ನಾಲೆಗಳನ್ನು ಜನ ತಾವೇ ಇಳಿದು ತೆಗೆದರು. ಕೆಲಸದಿಂದ ನಿವೃತ್ತವಾದ ನಾಲೆಗೆ ನಿವೃತ್ತರಾದ ಮನುಷ್ಯರು ಬಂದು ಸೇರಿಕೊಂಡರು ಎನ್ನಬಹುದು.

ನಮ್ಮ ನಾಲೆಯ ಕಥೆ ಬೇರೆ. ದೊರೆಗಳ ಕಾಲದಿಂದಲೂ ಕಾವೇರಿಗೆ ಅಡ್ಡಗಟ್ಟೆ ಹಾಕಿ ಗದ್ದೆಗೆ ನೀರು ತಿರುಗಿಸಿದ ಸೀಮೆ ಇದು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆ ಇನ್ನೂ ಹರಿಯುತ್ತಿದೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿ, ಅದು ಮುಗಿಯುವ ಹೊತ್ತಿಗೆ, ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿಯಲ್ಲಿ, ಇರ್ವಿನ್ ನಾಲೆ ಬಂತು. ಆಗಿನ ವೈಸರಾಯ್ ಹೆಸರು ಅದು. ಈಗ ವಿಶ್ವೇಶ್ವರಯ್ಯ ನಾಲೆ. ಹುಲಿಕೆರೆಯ ಬಳಿ ಗುಡ್ಡವನ್ನು ಒಂದೂಮುಕ್ಕಾಲು ಮೈಲಿಯಷ್ಟು ಕೊರೆದು ಸುರಂಗ ಮಾಡಿ ನೀರನ್ನು ಈಚೆಗೆ ತಂದರು. ಮಂಡ್ಯ, ಮದ್ದೂರು, ಮಳವಳ್ಳಿಯ ರಾಗಿ ಹೊಲಗಳು ಕಬ್ಬು ಭತ್ತದ ಗದ್ದೆಗಳಾದವು. 1933ರಲ್ಲಿ ಸಕ್ಕರೆ ಕಂಪನಿ, 1939ರಲ್ಲಿ ಮಂಡ್ಯ ಜಿಲ್ಲೆ.

ದೋಣಿಯ ಯೋಚನೆ ಇಲ್ಲಿ ಯಾಕೆ ಬರಲಿಲ್ಲವೆಂದರೆ, 1882ರ ಹೊತ್ತಿಗೇ ಬೆಂಗಳೂರು–ಮೈಸೂರು ರೈಲು ಮದ್ದೂರು, ಮಂಡ್ಯದ ಮೇಲೆ ಓಡುತ್ತಿತ್ತು. ಸಾಗಣೆಗೆ ನಾಲೆ ಬೇಕಾಗಿರಲಿಲ್ಲ. ಆಂಧ್ರದಲ್ಲಿ ಆರ್ಥರ್ ಕಾಟನ್ ಮೊದಲಾದವರು ರೈಲಿಗಿಂತ ದೋಣಿ ನಾಲೆಯೇ ಲಾಭವೆಂದು ವಾದಿಸಿದ್ದರು. ಕರ್ನೂಲು–ಕಡಪ ನಾಲೆಗೆ ಲಾಕುಗಳನ್ನೂ ಇಟ್ಟರು. ನಮ್ಮಲ್ಲಿ ಇಟ್ಟದ್ದು ತೂಬು. ತೂಬು ನೀರನ್ನು ಹೊರಕ್ಕೆ ಬಿಡುತ್ತದೆ, ಲಾಕು ನೀರನ್ನು ಹಿಡಿದಿಡುತ್ತದೆ. ಆ ನಾಲೆ ನಿಂತ ನೀರು, ನಮ್ಮದು ಓಡುವ ನೀರು. ಅದೂ ಸರದಿಯ ಮೇಲೆ. ಕೆಲವು ದಿನ ಬಿಟ್ಟರೆ ಕೆಲವು ದಿನ ಕಟ್ಟು. ಕಟ್ಟೆಯಲ್ಲಿ ನೀರಿಲ್ಲದ ವರ್ಷ ಅದೂ ಇಲ್ಲ. ದೋಣಿಮನೆ ಕಟ್ಟಿಕೊಂಡವರು ಕಟ್ಟಿನ ದಿನ ಕೆಸರಿನಲ್ಲಿ ಕೂತಿರಬೇಕು, ಬಿಟ್ಟ ದಿನ ಸುರಂಗದ ಬಾಯಿಗೆ ಹೋಗಬೇಕು! ನಗುವ ಮಾತೂ ಅಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸೊಂದು ಈ ನಾಲೆಗೆ ಬಿದ್ದು 30 ಜನ ಸತ್ತರು. ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟ ಮಕ್ಕಳಿದ್ದರು. ಅಂದಿನಿಂದ ಏರಿ ಮೇಲೆ ಬಸ್ಸು ಹೋಗುವಾಗ ನಾನು ನೀರಿನ ಕಡೆಯ ಸೀಟಿನಲ್ಲಿ ಕೂರುವುದಿಲ್ಲ.

ಇನ್ನು ನಮ್ಮ ದೋಣಿ ಎಂದರೆ ಹರಿಗೋಲು. ಬಿದಿರು ಹೆಣೆದು, ಚರ್ಮ ಹೊದಿಸಿದ ಬುಟ್ಟಿ. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಟಾರು. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪೇಸ್ ಇಂಥ ದುಂಡನೆಯ ದೋಣಿ ಗಿರಗಿರ ತಿರುಗುತ್ತಾ ಸಾಗುವುದನ್ನು ಕಂಡು ಬರೆದಿದ್ದಾನೆ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯಲ್ಲಿ ಅದರಲ್ಲಿ ಕೂತರೆ ಇಂದಿಗೂ ಹಾಗೆಯೇ. ಅದು ದಾಟಿಸುತ್ತದೆ, ಮೀನಿಗೆ ಆಗುತ್ತದೆ, ಮನೆಯಾಗಲಾರದು.

ಅಕ್ಕನಿಗೆ ಈ ಚರಿತ್ರೆಯಿಂದ ಏನೂ ಆಗಲಿಲ್ಲ. ಆಗ ಮಗಳೇ ಕಾನೂನು ತಿಳಿಸಿದಳು. ಅಪ್ಪ ಅಮ್ಮನೆಂದು ನೋಡಲು ಹೋದವರಿಗೆ ಒಂದು ಸಲಕ್ಕೆ ಸಾಮಾನ್ಯವಾಗಿ ಆರು ತಿಂಗಳು. ಹಣವಿರುವ ನಿವೃತ್ತರು ಹೋಗಿ ನೆಲಸುವ ದಾರಿಯನ್ನು 2008ರಲ್ಲೇ ಮುಚ್ಚಿದ್ದಾರೆ. 2012ರಿಂದ ಮಕ್ಕಳ ಬಳಿ ಖಾಯಂ ಇರಬೇಕಾದರೂ, ದಿನನಿತ್ಯದ ಕೆಲಸಕ್ಕೆ ಇನ್ನೊಬ್ಬರ ಆರೈಕೆ ಬೇಕಾಗಿದೆ, ಅದು ತಾಯ್ನಾಡಿನಲ್ಲಿ ಸಿಗುವುದಿಲ್ಲ ಎಂದು ತೋರಿಸಬೇಕು. ‘ಅಂದ್ರೆ ಹಾಸಿಗೆ ಹಿಡಿದ್ರೆ ಮಾತ್ರ ಬಾ ಅಂತಾರೆ’ ಎಂದರು ಅಕ್ಕ. ದೋಣಿಗೂ ನಿಯಮವಿದೆ: ಸ್ವಂತ ಕಟ್ಟುವ ಜಾಗವಿಲ್ಲದವರು 1995ರ ಕಾಯಿದೆಯಂತೆ ಒಂದು ಕಡೆ ಹದಿನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲುವ ಹಾಗಿಲ್ಲ. ನೀರು ತುಂಬಿಸಿಕೊಳ್ಳಬೇಕು, ಪಾಯಖಾನೆಯ ಡಬ್ಬಿಯನ್ನು ತಾವೇ ಒಯ್ದು ಖಾಲಿ ಮಾಡಬೇಕು, ಲಾಕಿನ ಕದವನ್ನು ಬೆನ್ನು ಕೊಟ್ಟು ತಳ್ಳಬೇಕು.

ನಮ್ಮ ಸೀಮೆಗೆ ದುಡಿದ ಪರದೇಶಿಯೊಬ್ಬರ ಮಾತನ್ನೂ ಹೇಳಿದೆ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, ಕೃಷಿ ಇಲಾಖೆಯ ನಿರ್ದೇಶಕರಾಗಿ, ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಾರಣರಾದವರು. ಆಯುಸ್ಸಿನ ಒಳ್ಳೆಯ ಭಾಗವನ್ನು ಇಲ್ಲಿ ಕಳೆದು, ನಿವೃತ್ತಿಯ ಮೇಲೆ ತಮ್ಮ ದೇಶಕ್ಕೆ ಹೋಗಿ, 1954ರಲ್ಲಿ ಅಲ್ಲೇ ತೀರಿಕೊಂಡರು. ‘ಅವರಿಗೆ ಅಲ್ಲಿ ನೆಂಟರಿದ್ರು. ನನಗೆ ಮದ್ದೂರಲ್ಲಿ ಯಾರಿದ್ದಾರೆ?’ ಎಂದು ಅಕ್ಕ ಕೇಳಿದರು. ನಾನಿದ್ದೇನೆ ಎಂದೆ. ನೀನಿರೋದು ಮಂಡ್ಯದಲ್ಲಿ ಎಂದರು.

ಮನೆ ಮಾರಿಲ್ಲ. ಮುಂಭಾಗವನ್ನು ಬಾಡಿಗೆಗೆ ಕೊಟ್ಟು, ಹಿಂದಿನ ಉದ್ದನೆಯ ಕೋಣೆಯನ್ನು ತಮಗೆ ಇಟ್ಟುಕೊಂಡಿದ್ದಾರೆ. ಏಳಡಿ ಅಗಲವಿರಬಹುದು, ನಾನು ಅಳೆದಿಲ್ಲ. ಮೇ ತಿಂಗಳಲ್ಲಿ ಮತ್ತೆ ಹೋಗುತ್ತಾರೆ, ಆರು ತಿಂಗಳಿಗೆ. ಮಗಳು ಒಂದು ವಾರಕ್ಕೆ ದೋಣಿ ಬಾಡಿಗೆಗೆ ಹಿಡಿದಿದ್ದಾಳಂತೆ.