ಮಸಿಕುಡಿಕೆಯನ್ನು ಮತ್ತೆ ತುಂಬುವ ವಿಚಾರ

ಬರವಣಿಗೆಯ ಚರಿತ್ರೆಯನ್ನು ಕುರಿತು ಬರೆದ ವಿದ್ವಾಂಸರು ನಮ್ಮಲ್ಲಿ ಅನೇಕರುಂಟು. ಲಿಪಿಯ ಹುಟ್ಟು, ಶಾಸನಗಳ ಕಾಲನಿರ್ಣಯ, ಕವಿಗಳ ದೇಶಕಾಲ ಇವುಗಳ ವಿಷಯವಾಗಿ ಸಾಕಷ್ಟು ಚರ್ಚೆಗಳು ನಡೆದಿರುತ್ತವೆ. ಆದರೆ ಅಕ್ಷರಕ್ಕೆ ಮೈಯನ್ನು ಕೊಡತಕ್ಕ ಮಸಿಯ ಸಂಗತಿಯನ್ನೂ, ಅದನ್ನು ಹಿಡಿದಿಡುವ ಕುಡಿಕೆಯ ಸಂಗತಿಯನ್ನೂ ವಿಚಾರಿಸಿದವರು ವಿರಳ. ಮನೆಯಲ್ಲಿ ಮಸಿ ಮುಗಿದಾಗ ನಮ್ಮ ಹಿರಿಯರು ಏನು ಮಾಡುತ್ತಿದ್ದರು, ಈಗ ನಾವೇನು ಮಾಡುತ್ತಿರುವೆವು ಎಂಬ ಸಣ್ಣ ಪ್ರಶ್ನೆಯೇ ಈ ಲೇಖನದ ವಿಷಯ. ಅಲ್ಪವಿಷಯವೆಂದು ವಾಚಕರು ಉಪೇಕ್ಷಿಸಬಾರದೆಂದು ಅರಿಕೆ.

ಈ ಪ್ರಶ್ನೆ ನನ್ನಲ್ಲಿ ಹುಟ್ಟಿದ ಸಂದರ್ಭವನ್ನು ಮೊದಲು ಹೇಳುವೆನು. ನನ್ನ ತಂದೆಯವರು ತಮ್ಮ ಕೈಯಿಂದಲೇ ಸ್ತೋತ್ರಗಳನ್ನೂ, ನಮ್ಮ ಸೀಮೆಯಲ್ಲಿ ಹೆಂಗಸರು ಹಾಡುತ್ತಿದ್ದ ಕೆಲವು ಹಾಡುಗಳನ್ನೂ ಬರೆದಿಟ್ಟ ಒಂದು ವಹಿ ನಮ್ಮ ಮನೆಯಲ್ಲಿದೆ. ಶಾಲೆಯ ಕೆಲಸದಿಂದ ನಿವೃತ್ತನಾದ ಬಳಿಕ ಅದರ ಪ್ರತಿಗಳನ್ನು ಮಾಡಿ ಬಂಧುಗಳಿಗೆ ಹಂಚಬೇಕೆಂದು ಆಶೆಪಟ್ಟೆನು. ಮೊಮ್ಮಗನು ತಂದಿದ್ದ, ಮಸಿಯನ್ನು ಚಿಮ್ಮಿಸಿ ಅಚ್ಚು ಮಾಡುವ, ಇಂಕ್‌ಜೆಟ್ ಎಂದು ಕರೆಯಲ್ಪಡುವ ಪ್ರಿಂಟರು ಇದಕ್ಕೆ ಸಾಧನವಾಯಿತು. ನಲವತ್ತು ಪುಟಗಳಾಗುವಷ್ಟರಲ್ಲಿ ಅಕ್ಷರಗಳು ಮಸುಕಾದವು. “ಮುತ್ಯಾ, ಕಾರ್ಟ್ರಿಜ್ ಖಾಲಿ ಆಗ್ಯಾದ, ಹೊಸಾದು ತರಬೇಕು” ಎಂದನು. ಬೆಲೆ ಕೇಳಿ ಬೆರಗಾದೆನು. ಕಪ್ಪಿನದೊಂದು, ಬಣ್ಣದ್ದೊಂದು ಕೊಂಡರೆ ಪ್ರಿಂಟರಿನ ಅರ್ಧ ಬೆಲೆಯ ಸಮೀಪಕ್ಕೆ ಬರುವುದು! ಒಳಗಿರುವ ಮಸಿಯಾದರೋ ಕೆಲವೇ ಮಿಲಿಲೀಟರು. ದೌತಿಯ ಮಸಿ ಮುಗಿಯಿತೆಂದು ದೌತಿಯನ್ನೇ ಬಿಸಾಡುವ ಪದ್ಧತಿಯನ್ನು ನಾನು ಹಿಂದೆಂದೂ ಕಂಡವನಲ್ಲ.

ಹಿಂದಿನ ಪದ್ಧತಿಯು ಯಾವುದೆಂದು ನೋಡೋಣ. ತಾಳೆಗರಿಯ ಕಾಲದಲ್ಲಿ ಮಸಿಯು ಬರೆಯುವ ಹೊತ್ತಿಗೆ ಬೇಕಾಗಿಯೇ ಇರಲಿಲ್ಲ. ಕಬ್ಬಿಣದ ಕಂಟದಿಂದ ಗರಿಯ ಮೇಲೆ ಅಕ್ಷರಗಳನ್ನು ಕೊರೆದು, ಆಮೇಲೆ ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿಯೋ ಸೊಪ್ಪಿನ ರಸದಲ್ಲಿಯೋ ಕಲಸಿ ತಿಕ್ಕಿ ಒರೆಸುತ್ತಿದ್ದರು. ಕೊರೆದ ಗೆರೆಗಳಲ್ಲಿ ಮಾತ್ರ ಕಪ್ಪು ನಿಲ್ಲುವುದು. ಬಹುಕಾಲದ ಮೇಲೆ ಅಕ್ಷರಗಳು ಮಂಕಾದರೆ ಪುನಃ ಕಾಡಿಗೆಯನ್ನು ತಿಕ್ಕಿದರಾಯಿತು. ಓಲೆಗಳನ್ನು ಸಂರಕ್ಷಿಸುವವರು ಇಂದಿಗೂ ಹೀಗೆಯೇ ಮಾಡುತ್ತಾರೆ. ಎಂದರೆ, ಕುಡಿಕೆಯನ್ನಲ್ಲ, ಅಕ್ಷರವನ್ನೇ ಮತ್ತೆ ತುಂಬುವ ಕ್ರಮ ಇದು. ವರ್ತಕರೂ ಊರ ಲೆಕ್ಕಿಗರೂ ಬಳಸುತ್ತಿದ್ದ ಕಡತವು ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಮಾಡಿದ ಕರಿಯ ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುವುದು, ಬೇಡವಾದುದನ್ನು ಒರೆಸುವುದು, ಮೈ ಸವೆದರೆ ಮತ್ತೆ ಬಳಿಯುವುದು.

ನಮ್ಮೂರಿಗೆ ನೆರೆಯಾದ ಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದಿತಷ್ಟೆ. ಅಲ್ಲಿ 1126ರಿಂದ 1138ರವರೆಗೆ ಆಳಿದ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದ ಚಿತ್ರಪ್ರಕರಣದಲ್ಲಿ ಬಣ್ಣಗಳ ವಿಚಾರವಿದ್ದು, ಕಪ್ಪಿಗೆ ಕಜ್ಜಲವನ್ನು ಹೇಳಿದೆ. ಅರಸನ ಚಿತ್ರಶಾಲೆಯ ಕಪ್ಪೂ ಬಡವನ ಮನೆಯ ಹಣತೆಯ ಮೇಲೆ ಹಿಡಿದ ಕಪ್ಪೂ ಒಂದೇ ವಸ್ತುವೆಂಬುದನ್ನು ಪಾಠಶಾಲೆಯಲ್ಲಿ ಓದುತ್ತಿದ್ದಾಗ ನಾನು ಯೋಚಿಸಿರಲಿಲ್ಲ.

ಕಾಗದದ ಬಳಕೆ ಹಬ್ಬಿದ ಮೇಲೆ ದ್ರವರೂಪದ ಮಸಿಯು ಅವಶ್ಯವಾಯಿತು. ನಮ್ಮ ಪ್ರಾಂತಕ್ಕೆ ಬೀದರವು ಬಹಮನಿ ಸುಲ್ತಾನರ ರಾಜಧಾನಿಯಾದ ಬಳಿಕ ಪಾರಸಿಯ ದಫ್ತರವೂ ಬೆಳೆಯಿತು. 1472ರಲ್ಲಿ ಮಹಮೂದ ಗವಾನನು ಅಲ್ಲಿ ಕಟ್ಟಿಸಿದ ಮದರಸದಲ್ಲಿ ಮೂರು ಸಾವಿರ ಗ್ರಂಥಗಳಿದ್ದುವೆಂದು ಪ್ರತೀತಿ. ಅಷ್ಟು ಗ್ರಂಥಗಳ ನಕಲಿಗೆ ಎಷ್ಟು ದೀಪಗಳ ಕಾಡಿಗೆ ಹಿಡಿಸಿರಬಹುದೋ! ಆ ಕಾಲದ ಕುರುಹು ನಮ್ಮ ಮಾತಿನಲ್ಲಿಯೇ ಉಳಿದಿದೆ. ‘ಮಸಿ’ಯು ಸಂಸ್ಕೃತದ ಮಷೀ ಶಬ್ದ, ‘ಶಾಯಿ’ಯು ಕಪ್ಪು ಎಂಬ ಅರ್ಥದ ಪಾರಸಿಯ ಸಿಯಾಹಿ, ‘ದೌತಿ’ಯು ಅರಬ್ಬಿಯ ದವಾತ್. ನಮ್ಮ ಊರಿನ ಹೆಸರಿನ ಬಾಲವಾದ ‘ಬಿ’ ಎಂಬ ಅಕ್ಷರವೂ ಹಿರಿದು ಎಂಬ ಅರ್ಥದ ಬುಜುರ್ಗ್ ಶಬ್ದದ ಉಳಿಕೆ. ದಫ್ತರದ ಯಾವನೋ ಗುಮಾಸ್ತನು ದೌತಿಯಲ್ಲಿ ಲೇಖನಿಯನ್ನದ್ದಿ ಬರೆದುದು ಇಂದಿಗೂ ನಮ್ಮ ವಿಳಾಸವಾಗಿದೆ.

ಮನೆಯಲ್ಲಿ ಮಸಿ ಮಾಡುವ ಕ್ರಮಗಳು ಎರಡು. ಮೊದಲನೆಯದು ಕಾಡಿಗೆಯ ಮಸಿ. ಎಳ್ಳೆಣ್ಣೆಯ ಅಥವಾ ಹರಳೆಣ್ಣೆಯ ದೀಪದ ಮೇಲೆ ಮಣ್ಣಿನ ಪಾತ್ರೆಯನ್ನು ಕವುಚಿ, ಕೂಡಿದ ಕಾಡಿಗೆಯನ್ನು ಕೆರೆದು, ಜಾಲಿಯ ಅಂಟನ್ನು ನೆನೆಸಿದ ನೀರಿನೊಡನೆ ಕಲ್ಲಿನಲ್ಲಿ ಅರೆಯಬೇಕು. ಅರೆಯುವುದೇ ಇಲ್ಲಿ ಮುಖ್ಯ. ಅವಸರ ಮಾಡಿದರೆ ಕಾಡಿಗೆಯು ತಳಕ್ಕಿಳಿದು ನೀರು ಮೇಲೆ ನಿಲ್ಲುವುದು. ಎರಡನೆಯದು ಅಳಲೆಕಾಯಿಯ ಮಸಿ. ಅಳಲೆಕಾಯಿಯನ್ನು ಜಜ್ಜಿ ಕುದಿಸಿ ಸೋಸಿದ ಕಷಾಯಕ್ಕೆ ಅನ್ನಭೇದಿಯನ್ನು ಹಾಕಿದರೆ, ಕಾಯಿಯ ಒಗರೂ ಅನ್ನಭೇದಿಯಲ್ಲಿನ ಕಬ್ಬಿಣವೂ ಕೂಡಿ ಕಪ್ಪಾಗುತ್ತವೆ. ಬರೆಯುವಾಗ ತುಸು ತೆಳುವಾಗಿ ಕಂಡರೂ ಗಾಳಿ ತಗುಲಿದಂತೆ ಗಾಢವಾಗುವುದು. ಇವೆರಡಕ್ಕೂ ಗುಣಭೇದವುಂಟು. ಕಾಡಿಗೆಯು ಬಿಸಿಲಿಗೆ ಮಾಸದು, ಆದರೆ ಕಾಗದದ ಮೇಲೆಯೇ ಕುಳಿತಿರುವುದರಿಂದ ನೀರು ಬಿದ್ದರೆ ಕದಡುವುದು. ಅಳಲೆಯ ಮಸಿಯು ಕಾಗದದ ಒಳಕ್ಕಿಳಿದು ನೀರಿಗೆ ಜಗ್ಗದು; ಆದರೆ ಹುಳಿಯು ಹೆಚ್ಚಾದರೆ ದೀರ್ಘಕಾಲದಲ್ಲಿ ಕಾಗದವನ್ನೇ ತಿನ್ನುವುದು. ನನ್ನ ತಂದೆಯವರ ವಹಿಯು ಈ ಎರಡನೆಯ ಮಸಿಯದು.

ಆಮೇಲೆ ಅಂಗಡಿಯ ಮಸಿ ಬಂದಿತು. ಮುಂಬಯಿಯ ದಾಂಡೇಕರರು 1931ರಲ್ಲಿ ‘ಹಾರ್ಸ್ ಬ್ರ್ಯಾಂಡ್’ ಹೆಸರಿನ ಮಸಿಯ ಪುಡಿಯನ್ನೂ ಗುಳಿಗೆಗಳನ್ನೂ ಮಾರತೊಡಗಿದರು. ಮುಂದೆ ‘ಕ್ಯಾಮೆಲ್’ ಮಸಿಯಿಂದ ಪ್ರಸಿದ್ಧವಾದ ಸಂಸ್ಥೆ ಅದುವೆ. ಗುಳಿಗೆಯನ್ನು ನೀರಿನಲ್ಲಿ ಕರಗಿಸಿ ದೌತಿಗೆ ತುಂಬುವ ಕೆಲಸವನ್ನು ನಾನು ಬಾಲ್ಯದಲ್ಲಿ ಮಾಡಿರುವೆನು. ಒಂದಕ್ಕೆ ಬದಲು ಎರಡು ದೌತಿ ತುಂಬುವಷ್ಟು ನೀರು ಸುರಿದು, ಬರೆದುದು ಗುರುಗಳ ಕಣ್ಣಿಗೇ ಕಾಣದಂತಾಗಿ, ಪೆಟ್ಟು ತಿಂದುದೂ ಉಂಟು. ವಾಟರ್‌ಮನ್ ಎಂಬ ಅಮೇರಿಕದವನು 1884ರಲ್ಲಿ ಪೇಟೆಂಟು ಪಡೆದ ಮಸಿಪೆನ್ನು ನಮ್ಮ ಕೈಗೆ ಬಂದಾಗ ಕುಡಿಕೆಯು ಲೇಖನಿಯ ಹೊಟ್ಟೆಯೊಳಕ್ಕೆ ಸೇರಿತಷ್ಟೆ. ಅದನ್ನು ತುಂಬುವ ಅಧಿಕಾರವು ಬರೆಯುವವನ ಕೈಯಲ್ಲಿಯೇ ಉಳಿಯಿತು. ಮಸಿಯನ್ನು ಯಾವ ಅಂಗಡಿಯಿಂದ ಕೊಂಡೆಯೆಂದು ಪೆನ್ನು ಕೇಳುತ್ತಿರಲಿಲ್ಲ.

ಇನ್ನು ಮಸಿ ಚಿಮ್ಮಿಸುವ ಯಂತ್ರದ ಜನ್ಮವೃತ್ತಾಂತ. 1977ರಲ್ಲಿ ಜಪಾನಿನ ಕ್ಯಾನನ್ ಸಂಸ್ಥೆಯ ಇಚಿರೊ ಎಂಡೊ ಎಂಬವರ ಪ್ರಯೋಗಶಾಲೆಯಲ್ಲಿ, ಮಸಿ ತುಂಬಿದ ಸಿರಿಂಜಿನ ಸೂಜಿಗೆ ಬೆಸುಗೆಯ ಕಾದ ಕಡ್ಡಿಯು ಆಕಸ್ಮಿಕವಾಗಿ ತಗುಲಿತು. ಸೂಜಿಯ ತುದಿಯಿಂದ ಮಸಿ ಚಿಮ್ಮಿತು. ಇದೇ ತತ್ತ್ವವನ್ನು ಅಮೇರಿಕದ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯವರೂ ಬೇರೆಯಾಗಿ ಕಂಡುಕೊಂಡು, 1984ರಲ್ಲಿ ‘ಥಿಂಕ್‌ಜೆಟ್’ ಎಂಬ ಯಂತ್ರವನ್ನು ಮಾರಾಟಕ್ಕೆ ತಂದರು. ತಲೆಗೂದಲಿಗಿಂತಲೂ ಸೂಕ್ಷ್ಮವಾದ ರಂಧ್ರಗಳ ಹಿಂದೆ ಮಸಿಯನ್ನು ಕ್ಷಣಾರ್ಧಕ್ಕಿಂತಲೂ ಕಡಿಮೆ ಕಾಲ ಕಾಯಿಸಿದರೆ ಗುಳ್ಳೆಯೇಳುವುದು. ಗುಳ್ಳೆಯು ಒಂದು ಹನಿಯನ್ನು ಹೊರಕ್ಕೆ ನೂಕುವುದು. ಇಂಥ ರಂಧ್ರಗಳು ಮಸಿ ಒಣಗಿ ಕಟ್ಟಿಕೊಳ್ಳುವುದು ಸಹಜ. ಆದುದರಿಂದ ರಂಧ್ರಗಳಿರುವ ತಲೆಯನ್ನೂ ಮಸಿಯ ಚೀಲವನ್ನೂ ಒಂದಾಗಿ ಕೂಡಿಸಿ, ಮಸಿ ಮುಗಿದೊಡನೆ ಎರಡನ್ನೂ ಬದಲಿಸುವ ಏರ್ಪಾಡನ್ನು ಮಾಡಿದರು. ಇದರಲ್ಲಿ ಬುದ್ಧಿವಂತಿಕೆಯು ಇಲ್ಲವೆನ್ನಲಾಗದು. ಆದರೆ ಲೇಖನಿ, ಕುಡಿಕೆ, ಮಸಿ ಎಂಬ ಮೂರು ಪದಾರ್ಥಗಳು ಒಂದೇ ಬೆಲೆಯ ಒಂದೇ ಸರಕಾದುದು ಇಲ್ಲಿಂದಲೇ. ಮುಂದೆ ಯಂತ್ರವು ಅಗ್ಗವಾಗುತ್ತ, ಮಸಿಯು ತುಟ್ಟಿಯಾಗುತ್ತ ಬಂದಿತು.

ಬಳಸುವವರು ಸುಮ್ಮನಿರಲಿಲ್ಲ. ಸಿರಿಂಜಿನಿಂದ ಹುಟ್ಟಿದ ಯಂತ್ರಕ್ಕೆ ಸಿರಿಂಜಿನಿಂದಲೇ ಮಸಿ ತುಂಬತೊಡಗಿದರು! ತಯಾರಕರಲ್ಲಿ ಅನೇಕರು ಕಾರ್ಟ್ರಿಜ್ಜಿಗೆ ಚಿಪ್ಪನ್ನು ಅಂಟಿಸಿ, ಅನ್ಯರ ಮಸಿಯನ್ನು ಯಂತ್ರವು ಒಪ್ಪದಂತೆ ಮಾಡಿದರು. ಜಗಳವು ನ್ಯಾಯಾಲಯದವರೆಗೂ ಹೋಯಿತು. ಪುಡಿಮಸಿಯ ಕಾರ್ಟ್ರಿಜ್ಜುಗಳನ್ನು ಮತ್ತೆ ತುಂಬಿ ಮಾರಿದ ವಿಷಯದಲ್ಲಿ ಲೆಕ್ಸ್‌ಮಾರ್ಕ್ ಸಂಸ್ಥೆಯು ಹೂಡಿದ ಮೊಕದ್ದಮೆಯಲ್ಲಿ, ಒಮ್ಮೆ ಮಾರಿದ ವಸ್ತುವಿನ ಮೇಲೆ ಮಾರಿದವನ ಪೇಟೆಂಟಿನ ಹಕ್ಕು ಉಳಿಯುವುದಿಲ್ಲವೆಂದು ಅಮೇರಿಕದ ಸರ್ವೋಚ್ಚ ನ್ಯಾಯಾಲಯವು 2017ರ ಮೇ 30ರಂದು ತೀರ್ಪಿತ್ತಿತು. ವ್ಯವಹಾರಶಾಸ್ತ್ರದ ಮಿತಾಕ್ಷರಾ ಟೀಕೆ ಹುಟ್ಟಿದ ಕಲ್ಯಾಣದ ಆಸುಪಾಸಿನವರಾದ ನಮಗೆ ಈ ನ್ಯಾಯವು ಹೊಸದೆಂದು ತೋರಲಾರದು. ಕ್ರಯಕ್ಕೆ ಕೊಟ್ಟ ಮೇಲೆ ಕೊಡ ಕೊಂಡವನದು. ಅದರಲ್ಲಿ ಯಾವ ಬಾವಿಯ ನೀರನ್ನು ತುಂಬುವನೆಂಬುದು ಅವನಿಗೆ ಸೇರಿದುದು.

ಇದಕ್ಕಿಂತಲೂ ಸ್ವಾರಸ್ಯವಾದುದು ಇಂಡೋನೇಷ್ಯಾದ ಕಥೆ. ಅಲ್ಲಿಯ ಜನರು ಪ್ರಿಂಟರಿನ ಪಕ್ಕದಲ್ಲಿ ಮಸಿಯ ಬಾಟಲಿಗಳನ್ನಿಟ್ಟು, ಸಣ್ಣ ಕೊಳವೆಗಳಿಂದ ಒಳಕ್ಕೆ ಮಸಿ ಹರಿಯಿಸುವುದನ್ನು ತಾವಾಗಿಯೇ ರೂಢಿಸಿಕೊಂಡಿದ್ದರು. ಎಪ್ಸನ್ ಸಂಸ್ಥೆಯವರು ಅದನ್ನು ಕಂಡು, 2010ರಲ್ಲಿ ಮಸಿಯ ತೊಟ್ಟಿಯುಳ್ಳ ಯಂತ್ರವನ್ನು ತಾವೇ ಮಾಡಿ ಆ ದೇಶದಲ್ಲಿಯೇ ಮೊದಲು ಮಾರಿದರು. ಈಗ ನಮ್ಮ ಸೀಮೆಯ ಝೆರಾಕ್ಸ್ ಅಂಗಡಿಗಳಲ್ಲಿಯೂ ತೊಟ್ಟಿಯ ಯಂತ್ರಗಳು ಕಾಣಸಿಗುತ್ತವೆ. ದೌತಿಯು ತಿರುಗಿ ಬಂದಂತಾಯಿತು. ಯಂತ್ರದ ಬೆಲೆ ಮಾತ್ರ ಮೊದಲಿನಂತೆ ಅಗ್ಗವಲ್ಲ. ಹಳೆಯ ಬಗೆಯ ಯಂತ್ರವಿದ್ದವರಿಗೆ ಸಿರಿಂಜೇ ಗತಿ.

ನಾನೂ ಸಿರಿಂಜನ್ನು ಹಿಡಿದೆನು. ಪೇಟೆಯ ಅಂಗಡಿಯೊಂದರಲ್ಲಿ ಎಲ್ಲ ಯಂತ್ರಗಳಿಗೂ ಆಗುವುದೆಂದು ಹೇಳಿ ಕೊಟ್ಟ ಅಗ್ಗದ ಕಪ್ಪು ಮಸಿಯನ್ನು ತಂದು, ಕಾರ್ಟ್ರಿಜ್ಜಿನ ಮೇಲಿನ ಚೀಟಿಯನ್ನೆತ್ತಿ, ಅದರ ಕೆಳಗಿದ್ದ ರಂಧ್ರದಿಂದ ತುಂಬಿದೆನು. ಅಚ್ಚು ಸೊಗಸಾಗಿಯೇ ಬಂದಿತು. ಪ್ರತಿಗಳನ್ನು ಹೊಲಿದು, ತಂದೆಯವರ ವಹಿಯೊಡನೆ ಮಾಡದಲ್ಲಿಟ್ಟೆನು. 2022ರ ಮಳೆಗಾಲದಲ್ಲಿ ಒಂದು ರಾತ್ರಿ ಮಾಳಿಗೆಯು ಸೋರಿತು. ಬೆಳಿಗ್ಗೆ ನೋಡುವಲ್ಲಿ ನನ್ನ ಪ್ರತಿಗಳ ಅಕ್ಷರಗಳು ಕರಗಿ, ಪುಟವೆಲ್ಲ ನೇರಿಳೆ ಬಣ್ಣದ ಕಲೆಯಾಗಿದ್ದಿತು. ತಂದೆಯವರ ವಹಿಯ ಹಾಳೆಗಳು ಅಷ್ಟೇ ನೆನೆದು ಉಬ್ಬಿದ್ದರೂ, ಕಂದುಬಣ್ಣಕ್ಕೆ ತಿರುಗಿದ್ದ ಅಕ್ಷರಗಳಲ್ಲಿ ಒಂದೂ ಅಳಿದಿರಲಿಲ್ಲ. ಅವುಗಳನ್ನು ನೆರಳಿನಲ್ಲಿ ಒಂದೊಂದಾಗಿ ಹರಡುವಾಗ ನನಗಾದ ಲಜ್ಜೆಯನ್ನು ಏನೆಂದು ಹೇಳಲಿ! ಉಳಿಸಬೇಕೆಂದು ಮಾಡಿದ ಪ್ರತಿಯೇ ಮೊದಲು ಹೋಯಿತು.

ತಪ್ಪು ಮರುತುಂಬಿದುದರಲ್ಲಿರಲಿಲ್ಲ, ತುಂಬಿದ ವಸ್ತುವಿನಲ್ಲಿದ್ದಿತು. ಅಂಗಡಿಯ ಆ ಮಸಿಯು ನೀರಿನಲ್ಲಿ ಕರಗಿದ ಬಣ್ಣ, ಎಂದರೆ ನನ್ನ ಬಾಲ್ಯದ ಗುಳಿಗೆಯ ಮಸಿಯ ಜಾತಿಯದು. ಕಪ್ಪು ಕಾರ್ಟ್ರಿಜ್ಜುಗಳಲ್ಲಿ ಹಲವಕ್ಕೆ ತಯಾರಕರು ತುಂಬುವುದು ಪಿಗ್ಮೆಂಟ್ ಎಂಬ ಬಗೆಯದು. ಅದರಲ್ಲಿ ಇಂಗಾಲದ ಅತಿ ಸೂಕ್ಷ್ಮ ಕಣಗಳು ಕರಗದೆ ತೇಲುತ್ತಿರುತ್ತವೆ, ಒಣಗಿದ ಮೇಲೆ ನೀರಿಗೆ ಬಹುಮಟ್ಟಿಗೆ ಅಂಜವು. ಕಾಡಿಗೆಯೇ ಅದು, ಹೊಸ ಸಂಸ್ಕಾರದೊಡನೆ. ಹಾಗಾದರೆ ಮನೆಯ ದೀಪದ ಕಾಡಿಗೆಯನ್ನೇ ತುಂಬೋಣವೇ ಎಂದು ಮೊಮ್ಮಗನನ್ನು ಕೇಳಿದೆನು. ಅವನು ನಕ್ಕು, “ಮುತ್ಯಾ, ನೀ ಎಷ್ಟ ಅರದರೂ ಆ ತೂತಿನಾಗ ಹೋಗಂಗಿಲ್ಲ” ಎಂದನು. ನಿಜವೇ. ಕಲ್ಲಿನಲ್ಲಿ ಅರೆದ ಕಾಡಿಗೆಗೆ ಆ ರಂಧ್ರಗಳು ಒಂದೇ ದಿನದಲ್ಲಿ ಮುಚ್ಚಿಹೋಗುವುವು.

ಈಗ ನಾನು ಅನುಸರಿಸುವ ಕ್ರಮವನ್ನು ಹೇಳಿ ಮುಗಿಸುವೆನು. ಮಸಿಯು ಪೂರ್ತಿ ಒಣಗುವವರೆಗೆ ಕಾಯಲಾಗದು, ಬರಿದಾದ ತಲೆಯು ಕಾದು ಸುಟ್ಟುಹೋಗುವುದು. ಅಚ್ಚು ಮಂಕಾದ ಕೂಡಲೇ, ಆ ಕಾರ್ಟ್ರಿಜ್ಜಿಗೆ ಒಗ್ಗುವ ಪಿಗ್ಮೆಂಟ್ ಮಸಿಯನ್ನೇ ಸಿರಿಂಜಿಗೆ ಎಳೆದುಕೊಂಡು, ಸೂಜಿಯನ್ನು ಒಳಗಿನ ಸ್ಪಂಜಿನಲ್ಲಿ ಇಳಿಸಿ, ಮಗುವಿಗೆ ಔಷಧ ಕುಡಿಸುವಷ್ಟು ನಿಧಾನವಾಗಿ ತುಂಬಬೇಕು. ಅವಸರದಿಂದ ಒತ್ತಿದರೆ ಸ್ಪಂಜಿನಲ್ಲಿ ಗಾಳಿ ಸೇರುವುದು. ಅತಿಯಾಗಿ ತುಂಬಿದರೆ ಕೆಳಗಿನಿಂದ ಸೋರುವುದು. ಆಮೇಲೆ ತಲೆಯನ್ನು ಒದ್ದೆಯಾದ ಮೆತ್ತನೆಯ ಅರಿವೆಗೆ ಒತ್ತಿ, ಅದರ ಮೇಲೆ ಕಪ್ಪು ಗೆರೆಯೊಂದು ಸಮವಾಗಿ ಮೂಡಿದರೆ ಸರಿಯಾಯಿತೆಂದು ತಿಳಿಯಬೇಕು. ತುಂಬಿದ ಬಳಿಕವೂ ಯಂತ್ರವು ಮಸಿ ಮುಗಿದಿದೆಯೆಂದೇ ಸೂಚಿಸುತ್ತಿರುವುದು, ಚಿಪ್ಪು ಹಳೆಯ ಲೆಕ್ಕವನ್ನೇ ಹಿಡಿದಿರುವುದರಿಂದ. ನನ್ನ ಯಂತ್ರದಲ್ಲಿ ಅದನ್ನು ಲಕ್ಷಿಸದೆ ಮುಂದುವರಿಯಬಹುದಾಗಿದೆ. ವಹಿಯ ಪ್ರತಿಗಳನ್ನು ಮತ್ತೊಮ್ಮೆ ಮಾಡಿದ್ದೇನೆ. ಹೊಲಿಯುವುದಕ್ಕೆ ಮುಂಚೆ ಒಂದು ಹಾಳೆಯನ್ನು ರಾತ್ರಿಯೆಲ್ಲ ತಂಬಿಗೆಯ ನೀರಿನಲ್ಲಿ ಅದ್ದಿಟ್ಟು, ಬೆಳಿಗ್ಗೆ ತೆಗೆದು ಓದಿ ನೋಡಿದೆನು. ನೀರು ತಿಳಿಯಾಗಿಯೇ ಇದ್ದಿತು.