ಬಾಸ್ವೆಲ್, ಜೇಮ್ಸ್

1740-1795. ಸ್ಕಾಟ್ಲೆಂಡಿನ ಜೀವನಚರಿತ್ರಕಾರ, ದಿನಚರಿಕಾರ, ವಕೀಲ. ಹುಟ್ಟಿದ್ದು ಎಡಿನ್‌ಬರೋದಲ್ಲಿ, 1740ರ ಅಕ್ಟೋಬರ್ 29ರಂದು. ತಂದೆ ಅಲೆಕ್ಸಾಂಡರ್ ಬಾಸ್ವೆಲ್ ಆಖಿನ್‌ಲೆಕ್‌ನ ಜಮೀನುದಾರ, ನ್ಯಾಯಾಧೀಶ. ಮಗ ಕಾನೂನು ಓದಿ ಮನೆತನದ ಗೌರವ ಉಳಿಸಲಿ ಎಂಬುದು ಅವನ ಆಸೆ. ಮಗನ ಮನಸ್ಸೆಲ್ಲ ಲಂಡನ್ನಿನ ನಾಟಕಶಾಲೆ, ಕಾಫಿಮನೆ, ಸಾಹಿತಿಗಳ ಸಹವಾಸದಲ್ಲಿ.

1763ರ ಮೇ 16ರಂದು ಲಂಡನ್ನಿನ ರಸೆಲ್ ಬೀದಿಯಲ್ಲಿ ಟಾಮಸ್ ಡೇವಿಸ್‌ನ ಪುಸ್ತಕದಂಗಡಿಯಲ್ಲಿ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ ಅವನಿಗೆ ಸಿಕ್ಕ. ಜಾನ್ಸನ್ನನಿಗೆ ಆಗ 53 ವರ್ಷ, ಇವನಿಗೆ 22. ಜಾನ್ಸನ್ನನಿಗೆ ಸ್ಕಾಟರನ್ನು ಕಂಡರಾಗದೆಂದು ತಿಳಿದಿದ್ದ ಬಾಸ್ವೆಲ್, ತಾನು ಆ ನಾಡಿನವನೇ, ಏನು ಮಾಡಲಿ ಎಂದು ತಪ್ಪೊಪ್ಪಿಕೊಂಡವನಂತೆ ಹೇಳಿದ. ಜಾನ್ಸನ್ ಅದೇ ಮಾತನ್ನು ತಿರುಗಿಸಿ, ಎಷ್ಟೋ ಸ್ಕಾಟರು ಆ ನಾಡಿನಿಂದ ಹೊರಬರದೆ ಇರಲಾರರು ಎಂಬರ್ಥ ಬರುವಂತೆ ಚುಚ್ಚಿದ. ಪೆಟ್ಟು ತಿಂದವನೇ ಅದನ್ನು ಒಂದಿಷ್ಟೂ ಮರೆಮಾಚದೆ ಬರೆದಿಟ್ಟ.

ಬಾಸ್ವೆಲ್‌ನ ಹಾಸ್ಯದ ಗುಟ್ಟು ಇಲ್ಲಿದೆ. ತಾನು ಗೆಲ್ಲಬೇಕೆಂಬ ಹಟ ಅವನಿಗಿರಲಿಲ್ಲ. ಎದುರಿನವನ ಬಾಯಿಂದ ಒಳ್ಳೆಯ ಮಾತು ಹೊರಬಂದರೆ ಸಾಕಿತ್ತು. ಕೋಟೆಯೊಂದರಲ್ಲಿ ಹಸುಗೂಸಿನೊಡನೆ ನಿಮ್ಮನ್ನು ಕೂಡಿಹಾಕಿದರೆ ಏನು ಮಾಡುವಿರಿ ಎಂದು ಒಮ್ಮೆ ಜಾನ್ಸನ್ನನನ್ನು ಕೇಳಿದ. ಪ್ರಶ್ನೆ ಹುಚ್ಚುಚ್ಚಾಗಿ ಕಂಡರೂ, ಕೂಸನ್ನು ತಣ್ಣೀರಿನಲ್ಲಲ್ಲ, ಬಿಸಿನೀರಿನಲ್ಲಿ ಮೀಯಿಸುವೆನೆಂಬ ಉತ್ತರದಲ್ಲಿ ಆ ಗಡಸು ಪಂಡಿತನ ಮೃದು ಮನಸ್ಸು ಬಯಲಾಯಿತು.

ಯೂರೋಪ್ ಪ್ರವಾಸದಲ್ಲಿ ರೂಸೋ, ವಾಲ್ಟೇರ್ ಇಬ್ಬರನ್ನೂ ಕಂಡು, ಕಾರ್ಸಿಕಾದ ನಾಯಕ ಪಾವೊಲಿಯ ಗೆಳೆತನ ಗಳಿಸಿದ. ಕಾರ್ಸಿಕಾ ಕುರಿತ ಪುಸ್ತಕ (1768) ಅವನಿಗೆ ಹೆಸರು ತಂದಿತು. 1773ರಲ್ಲಿ ಜಾನ್ಸನ್ನನೊಡನೆ ಹೆಬ್ರಿಡೀಸ್ ದ್ವೀಪಗಳನ್ನು ಸುತ್ತಿದ. ಎಡಿನ್‌ಬರೋದಲ್ಲಿ ವಕೀಲಿ ನಡೆಸಿದ. ಕುರಿಗಳ್ಳತನದ ಆರೋಪ ಹೊತ್ತ ಜಾನ್ ರೀಡ್‌ನನ್ನು 1774ರಲ್ಲಿ ಗಲ್ಲಿನಿಂದ ಉಳಿಸಲು ಹೆಣಗಿ ಸೋತ. ಕುಡಿತ, ವ್ಯಭಿಚಾರ, ಮನೋವ್ಯಥೆಗಳು ಅವನನ್ನು ಕೊನೆಯವರೆಗೂ ಬಿಡಲಿಲ್ಲ. ಹೆಂಡತಿ ಮಾರ್ಗರೆಟ್ 1789ರಲ್ಲಿ ತೀರಿಕೊಂಡಳು. ಗುಲಾಮಗಿರಿಯನ್ನು ದ್ವೇಷಿಸುತ್ತಿದ್ದ ಜಾನ್ಸನ್ನನ ಶಿಷ್ಯ 1791ರಲ್ಲಿ ಅದರ ರದ್ದತಿಯ ವಿರುದ್ಧ ಪದ್ಯ ಪ್ರಕಟಿಸಿದ್ದಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ.

ಜಾನ್ಸನ್ 1784ರಲ್ಲಿ ತೀರಿಕೊಂಡ. ವಿದ್ವಾಂಸ ಎಡ್ಮಂಡ್ ಮಲೋನನ ನೆರವಿನಿಂದ ಬಾಸ್ವೆಲ್ ಬರೆದ ಅವನ ಜೀವನಚರಿತ್ರೆ 1791ರ ಮೇ 16ರಂದು, ಅವರ ಮೊದಲ ಭೇಟಿಗೆ 28 ವರ್ಷ ತುಂಬಿದ ದಿನವೇ, ಹೊರಬಂದಿತು. ಗುಣಗಳ ಪಟ್ಟಿ ಮಾಡುವ ಬದಲು ಮಾತು, ಊಟ, ಸಿಡುಕು, ಸಾವಿನ ಭಯಗಳ ಮೂಲಕ ಒಬ್ಬ ಮನುಷ್ಯನನ್ನು ಕಣ್ಣಮುಂದೆ ತಂದ ಕೃತಿ ಅದು. ಬಾಸ್ವೆಲ್ 1795ರ ಮೇ 19ರಂದು ಲಂಡನ್ನಿನಲ್ಲಿ ಸತ್ತ.

ಮೂರ್ಖನೊಬ್ಬ ಹೇಗೋ ಮಹಾಕೃತಿ ಬರೆದನೆಂದು ಇತಿಹಾಸಕಾರ ಮೆಕಾಲೆ 1831ರಲ್ಲಿ ತೀರ್ಪಿತ್ತ. ಐರ್ಲೆಂಡಿನ ಮಲಹೈಡ್ ಕೋಟೆಯಲ್ಲಿ 1920ರ ದಶಕದಲ್ಲಿ ಪತ್ತೆಯಾದ ಬಾಸ್ವೆಲ್‌ನ ಹಸ್ತಪ್ರತಿಗಳು ಆ ತೀರ್ಪನ್ನು ಸುಳ್ಳಾಗಿಸಿದವು. ಕಂಡದ್ದನ್ನು, ಕೇಳಿದ್ದನ್ನು ದಿನದಿನವೂ ಬರೆದು ಪಳಗಿದ ಕೈ ಅದು. ಆ ಕಾಗದಪತ್ರಗಳಲ್ಲಿ ಬಹುಪಾಲು ಈಗ ಯೇಲ್ ವಿಶ್ವವಿದ್ಯಾಲಯದಲ್ಲಿವೆ. 1762-63ರ ಲಂಡನ್ ದಿನಚರಿ ಫ್ರೆಡರಿಕ್ ಪಾಟಲ್‌ನ ಸಂಪಾದಕತ್ವದಲ್ಲಿ 1950ರಲ್ಲಿ ಪ್ರಕಟವಾಯಿತು. ಬಾಸ್ವೆಲ್‌ನನ್ನು ಹೊಸದಾಗಿ ಓದುವವರು ಅಲ್ಲಿಂದಲೇ ತೊಡಗುವುದು ಒಳ್ಳೆಯದು.